ಸೋರುವ ಶಾವರ್, ತಲುಪದ ಮಾತು

ಧಾರವಾಡದ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ವಿಶಾಲವಾದ ಕೋಣೆ ಎಂದರೆ ಬಚ್ಚಲಮನೆ. ಕಟ್ಟಿಸಿದವರು ಏನು ವಿಚಾರ ಮಾಡಿ ಹಾಗೆ ಕಟ್ಟಿಸಿದರೋ ತಿಳಿಯದು. ಪಡಸಾಲೆಯಲ್ಲಿ ನಾಲ್ಕು ಜನ ಕೂತರೆ ಐದನೆಯವರು ಹೊಸ್ತಿಲ ಮೇಲೆ ಕೂಡಬೇಕಾಗುತ್ತಿತ್ತು. ದೇವರಮನೆಯಲ್ಲಿ ಅಪ್ಪ ಪೂಜೆಗೆ ಕೂತರೆ ಅವರ ಬೆನ್ನು ಬಾಗಿಲಿಗೆ ತಾಗುತ್ತಿತ್ತು. ಬಚ್ಚಲಲ್ಲಿ ಮಾತ್ರ ಚಕ್ಕಡಿ ತಿರುಗಿಸಬಹುದು ಎಂದು ಅಜ್ಜಿ, ಅಪ್ಪನ ತಾಯಿ, ಹಾಸ್ಯ ಮಾಡುತ್ತಿದ್ದಳು. ಅಡಿಗೆಮನೆ ದಾಟಿ ಹಿಂದಿನ ಜಗುಲಿಗೆ ಬಂದು ಮೂರು ಮೆಟ್ಟಿಲು ಇಳಿದರೆ ಅದರ ಬಾಗಿಲು. ಒಲೆಯ ಮೇಲೆ ಕೂತ ತಾಮ್ರದ ಹಂಡೆ, ಪಕ್ಕದಲ್ಲಿ ಒಟ್ಟಿದ ಕುಳ್ಳು ಮತ್ತು ಜಾಲಿಯ ಕಟ್ಟಿಗೆ, ನೆಲಕ್ಕೆ ನುಣುಪಾಗಿ ಸವೆದ ಕರಿಕಲ್ಲು. ಅಲ್ಲಿ ಯಾವಾಗಲೂ ಹೊಗೆಯ ಜೊತೆಗೆ ಸೀಗೆಕಾಯಿಯ ವಾಸನೆ ಇರುತ್ತಿತ್ತು. ಜಗುಲಿಯ ಇನ್ನೊಂದು ತುದಿಗೆ ಒಂದು ಚಿಕ್ಕ ಕೋಣೆ. ಮನೆಯ ಹೆಂಗಸರು ತಿಂಗಳಿಗೆ ಮೂರು ದಿನ ಅಲ್ಲಿ ಕೂಡುತ್ತಿದ್ದರು. ಮನೆಯ ವಸ್ತುಗಳನ್ನಾಗಲಿ ಜನರನ್ನಾಗಲಿ ಮುಟ್ಟುವಂತಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಒಳಗೆ ಬರುತ್ತಿದ್ದರು. ಅವ್ವ ತೀರಿಕೊಂಡ ಮೇಲೆ ಆ ಕೋಣೆಗೆ ಹೋಗುವವರಿಲ್ಲದೆ ಅಲ್ಲಿ ಹಳೆಯ ಚಾಪೆಗಳನ್ನು ಸುತ್ತಿ ಇಟ್ಟಿದ್ದರು.

ಅವ್ವ ಹೋದಾಗ ನನಗೆ ಐದು ವರ್ಷ. ಆಮೇಲಿನ ಆರು ವರ್ಷ ನಾನು ಅಪ್ಪನ ಹಿಂದೆಯೇ ಇದ್ದೆ. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಸಾಲೆ ಬಿಟ್ಟ ಮೇಲೆ ಮನೆಯಲ್ಲಿ ಏನಾದರೊಂದು ಬಿಚ್ಚುವುದು, ಜೋಡಿಸುವುದು ಅವರ ಅಭ್ಯಾಸ. ಗಡಿಯಾರ, ಹೊಲಿಗೆಯ ಯಂತ್ರ, ಬಾವಿಯ ರಾಟೆ, ಏನು ಸಿಕ್ಕರೂ ಸರಿ. ನಾನು ಪಕ್ಕದಲ್ಲಿ ಕೂತು ಸಾಮಾನು ಕೊಡುತ್ತಿದ್ದೆ. ಅವರು ಕಣ್ಣು ಎತ್ತದೆ ಕೈ ಚಾಚಿದರೆ ಸಾಕು, ಆ ಕೈಗೆ ಈಗ ಇಕ್ಕಳ ಬೇಕೋ ತಿರುಪುಳಿ ಬೇಕೋ ನನಗೆ ಗೊತ್ತಾಗುತ್ತಿತ್ತು. ಒಮ್ಮೆಯೂ ತಪ್ಪು ಸಾಮಾನು ಕೊಟ್ಟ ನೆನಪಿಲ್ಲ. ಅವರು ನನ್ನನ್ನು ಹೊಗಳುತ್ತಿರಲಿಲ್ಲ, ನನಗೆ ಅದು ಬೇಕಾಗಿಯೂ ಇರಲಿಲ್ಲ. ಕೈ ಚಾಚಿದಾಗ ನಾನು ಅಲ್ಲಿ ಇದ್ದೇ ಇರುತ್ತೇನೆ ಎಂಬ ಅವರ ನಂಬಿಕೆಯೇ ನನ್ನ ಇಡೀ ಆಸ್ತಿ. ಶಾವರಿನ ವಿಚಾರ ನಮ್ಮಿಬ್ಬರಲ್ಲಿ ಎರಡು ವರ್ಷದಿಂದ ನಡೆದಿತ್ತು. ಮುಂಬಯಿಯಲ್ಲಿ ಯಾರದೋ ಬಂಗಲೆಯಲ್ಲಿ ಅಪ್ಪ ಅದನ್ನು ನೋಡಿ ಬಂದಿದ್ದರು. ಬಚ್ಚಲ ಮಾಳಿಗೆಯ ಮೇಲೆ ನೀರಿನ ಟಾಕಿ, ಬಾವಿಯಿಂದ ಅದಕ್ಕೆ ನೀರು ಏರಿಸುವ ಕೈಪಂಪು, ಟಾಕಿಯಿಂದ ಇಳಿದು ಬರುವ ಕೊಳವೆ. ಹಳೆಯ ಉತ್ತರಪತ್ರಿಕೆಗಳ ಹಿಂಬದಿಗೆ ಇದನ್ನೆಲ್ಲ ಬರೆದು ತೋರಿಸಿ, ಟಾಕಿ ಒಂದು ಮೊಳ ಮೇಲೆ ಹೋದರೆ ನೀರಿನ ಜೋರು ಎಷ್ಟು ಹೆಚ್ಚುತ್ತದೆ ಎಂದು ನನಗೆ ಹೇಳುತ್ತಿದ್ದರು. ಅದು ನಮ್ಮ ಶಾವರ್. ಬೇರೆ ಯಾರಿಗೂ ಅದರ ಸುಳಿವು ಇರಲಿಲ್ಲ.

ನನಗೆ ಹನ್ನೊಂದಾದ ವರ್ಷ ನನ್ನ ಅಣ್ಣನ ಮದುವೆಯಾಯಿತು. ಅಣ್ಣ ಪುಣೆಯಲ್ಲಿ ಕಾಯದೆ ಓದುತ್ತಿದ್ದ. ಮದುವೆ ಮುಗಿಸಿ, ಹೆಂಡತಿಯನ್ನು ನಮ್ಮಲ್ಲಿ ಬಿಟ್ಟು ತಿರುಗಿ ಹೋದ. ಹೀಗೆ ನನ್ನ ಅತ್ತಿಗೆ ಸುಮತಿ ವೈನಿ ನಮ್ಮ ಮನೆಗೆ ಬಂದಳು. ಅವಳಿಗೆ ಹದಿನೇಳು ವರ್ಷ. ಅವಳ ತಂದೆ ಹುಬ್ಬಳ್ಳಿಯಲ್ಲಿ ರೇಲ್ವೆಯ ಕಾರಖಾನೆಯಲ್ಲಿ ಫೋರ್ಮನ್. ಸಾಲೆ, ಕಚೇರಿ, ಸಂಗೀತ ಎಂದುಕೊಂಡು ಬಾಳಿದ ನಮ್ಮ ಅಜ್ಜಿಗೆ ಈ ಸಂಬಂಧ ಅಷ್ಟಾಗಿ ಹಿಡಿಸಿರಲಿಲ್ಲ. ಹನ್ನೆರಡು ಮೈಲಿನ ಆಚೆಯ ಹುಬ್ಬಳ್ಳಿ ಅವಳ ಪಾಲಿಗೆ ಹತ್ತಿಯ ಧೂಳು, ಇಂಜಿನ್ನಿನ ಹೊಗೆ ತುಂಬಿದ ಬೇರೆಯೇ ದೇಶ.

“ಹುಡುಗಿ ಛಲೋ ಇದ್ದಾಳ, ಇಲ್ಲನ್ನೂದಿಲ್ಲ. ಆದ್ರ ಕೈ ನೋಡಿದ್ಯೇನು? ಗಂಡಸರ ಕೈ ಇದ್ಧಂಗ ಅದ.”

ವೈನಿಯ ಕೈ ನಿಜಕ್ಕೂ ದೊಡ್ಡವು. ನಾನು ಅಂದು ಅಜ್ಜಿಯ ಮಾತಿಗೆ ನಕ್ಕಿದ್ದು ನೆನಪಿದೆ. ನಗು ಮಾತ್ರ ಬಹಳ ದಿನ ಉಳಿಯಲಿಲ್ಲ. ನಮ್ಮಲ್ಲಿ ಸೊಸೆಯಾದವಳು ಬಡಿಸುವ ಹೊತ್ತು ಬಿಟ್ಟು ಮಾವನ ಎದುರು ನಿಲ್ಲುವುದಾಗಲಿ, ಅವರೊಡನೆ ನೇರ ಮಾತಾಡುವುದಾಗಲಿ ಇರಲಿಲ್ಲ. ಏನು ಹೇಳುವುದಿದ್ದರೂ ನಡುವೆ ಒಬ್ಬರು ಬೇಕು, ಆ ಒಬ್ಬಳು ನಾನೇ. ಅಪ್ಪ ಪಡಸಾಲೆಯಲ್ಲಿ, ವೈನಿ ಅಡಿಗೆಮನೆಯ ಬಾಗಿಲ ಹಿಂದೆ, ನಡುವೆ ಹತ್ತು ಹೆಜ್ಜೆ. ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ನಾನು ಹೋಗಿ ಅದೇ ಮಾತನ್ನು ಮತ್ತೊಮ್ಮೆ ಹೇಳಿದ ಮೇಲೆಯೇ ಅದು ಕೇಳಿಸಿದ ಹಾಗೆ. ಮೊದಲ ವಾರ ಈ ಕೆಲಸ ನನಗೆ ಆಟದಂತೆ ಕಂಡಿತು. ಆಮೇಲೆ ಅದರಲ್ಲಿ ಏನು ಸಾಗುತ್ತಿದೆ ಎಂದು ಗಮನಿಸತೊಡಗಿದೆ. ಹಂಡೆಗೆ ಬೆಂಕಿ ಹಾಕುವುದು ಮೊದಲು ನನ್ನ ಕೆಲಸವಾಗಿತ್ತು, ಈಗ ವೈನಿಯದು. ಒಂದು ದಿನ ಅಪ್ಪ ಸ್ನಾನ ಮುಗಿಸಿ ಬಂದು ಕೂದಲು ಒರೆಸಿಕೊಳ್ಳುತ್ತ ಹೇಳಿದರು:

“ಇಂದೂ, ನೀರು ಇವತ್ತ ಎಷ್ಟು ಬೇಕೋ ಅಷ್ಟೇ ಕಾದಿದ್ವು ನೋಡು. ಯಾರು ಕಾಸಿದ್ರು?”

“ವೈನಿ.”

“ಹೌದೇನು? ಛಲೋ ಆತು ಅಂತ ಹೇಳು.”

ಇಷ್ಟು ದಿನ ನಾನು ಕಾಸಿದ ನೀರಿನ ಬಗ್ಗೆ ಅವರು ಒಂದು ಮಾತು ಆಡಿರಲಿಲ್ಲ. ನಾನು ಅಡಿಗೆಮನೆಗೆ ಹೋಗಿ “ಛಲೋ ಆತಂತ” ಎಂದೆ. ವೈನಿ ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಕಿವಿ ಕೆಂಪಾದದ್ದು ನನಗೆ ಕಂಡಿತು. ಹೊಗಳಿಕೆಯನ್ನು ಹೊತ್ತು ತಂದವಳಿಗೆ ಅದರಲ್ಲಿ ಒಂದು ಚೂರೂ ಉಳಿಯುವುದಿಲ್ಲ ಎಂದು ಆ ದಿನ ತಿಳಿದುಕೊಂಡೆ. ಊಟದ ಹೊತ್ತಿಗೂ ಹಾಗೆಯೇ. ಅದುವರೆಗೆ ನಾನು ಅಪ್ಪನ ಎಡಮಗ್ಗುಲಿಗೆ ಮಣೆ ಹಾಕಿಕೊಂಡು ಉಣ್ಣುತ್ತಿದ್ದೆ. ಸೊಸೆ ಬಂದ ಮನೆಯಲ್ಲಿ ದೊಡ್ಡವಳಾಗುತ್ತಿರುವ ಮಗಳು ಹೆಂಗಸರ ಸಂಗಡ ಆಮೇಲೆ ಉಣ್ಣಬೇಕು ಎಂದು ಅಜ್ಜಿ ನಿಯಮ ಮಾಡಿದಳು. ನಾನು ಬಾಗಿಲ ಹತ್ತಿರ ನಿಂತು, ಅಪ್ಪ ಒಬ್ಬರೇ ಉಣ್ಣುವುದನ್ನು, ಅವರು ಕೇಳುವ ಮುಂಚೆಯೇ ವೈನಿಯ ದೊಡ್ಡ ಕೈ ಎಲೆಯ ಅಂಚಿಗೆ ಚಟ್ನಿಪುಡಿ ಬಡಿಸುವುದನ್ನು ನೋಡುತ್ತಿದ್ದೆ.

ಶಾವರ್ ಬಂದದ್ದು ಇದೇ ಸಮಯಕ್ಕೆ. ಎರಡು ವರ್ಷ ನಾವಿಬ್ಬರೂ ಬರೆದು ಅಳಿಸಿದ್ದು ಕೊನೆಗೊಮ್ಮೆ ಕಬ್ಬಿಣದ ಕೊಳವೆಗಳಾಗಿ ಟಾಂಗಾದಲ್ಲಿ ಬಂದು ಇಳಿದಾಗ ಓಣಿಯ ಹೆಂಗಸರು ಕೇಳಿದ ಮೊದಲ ಮಾತು, “ಸೊಸಿ ಸಲುವಾಗಿ ತರಿಸ್ಯಾರೇನು?” ಅಜ್ಜಿ ಅಲ್ಲವೆನ್ನಲಿಲ್ಲ. ಅಪ್ಪನೂ ಸುಮ್ಮನೆ ನಕ್ಕರು. ಜೋಡಿಸಲು ಹುಬ್ಬಳ್ಳಿಯಿಂದ ಮಹಬೂಬಸಾಬ ಎಂಬ ಫಿಟ್ಟರ್ ಬಂದ. ಮೂರು ದಿನ ದುಡಿದ. ಟಾಕಿಯಿಂದ ಇಳಿದ ಕೊಳವೆ ಬಚ್ಚಲ ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಒಳಗೆ ಬಂದು, ಅಲ್ಲಿ ಒಂದು ನಳ, ನಳದಿಂದ ಮತ್ತೊಂದು ಕೊಳವೆ ನೆಟ್ಟಗೆ ತಲೆಯ ಮೇಲಿನವರೆಗೆ, ಅದರ ತುದಿಗೆ ಮೊಣಕೈಯಂತೆ ಬಾಗಿದ ತುಂಡು, ಫಿಟ್ಟರ್ ಅದಕ್ಕೆ ಎಲ್ಬೋ ಎನ್ನುತ್ತಿದ್ದ. ಎಲ್ಬೋಗೆ ಸಿಕ್ಕಿಸಿದ ಹಿತ್ತಾಳೆಯ ತೂತುಬಿಲ್ಲೆ. ಅಜ್ಜಿ ಅದಕ್ಕೆ ಇಟ್ಟ ಹೆಸರು ಜರಡಿ. ಎಲ್ಲ ಮುಗಿದು ಮಹಬೂಬಸಾಬ ಸಾಮಾನು ಕಟ್ಟುತ್ತಿದ್ದಾಗ ಅಜ್ಜಿ ಮೊದಲ ಸಲ ಬಚ್ಚಲಿಗೆ ಇಳಿದು ಬಂದಳು. ಜರಡಿಯ ಮುಂದೆ ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

“ಇದರ ಮುಂದ ನಿಂತವ್ರ ಮಾರಿ ಯಾವ ದಿಕ್ಕಿಗಾತು?”

ಅಪ್ಪ ಗೊಂದಲಗೊಂಡು, “ದಕ್ಷಿಣ” ಎಂದರು.

“ದಕ್ಷಿಣಕ್ಕ ಮಾರಿ ಮಾಡಿ ಯಾವಾಗ ಸ್ನಾನ ಮಾಡ್ತಾರ, ಅದನ್ನೂ ನಾನ ಹೇಳ್ಬೇಕೇನು? ನಾ ಇನ್ನೂ ಸತ್ತಿಲ್ಲ. ಪೂರ್ವಕ್ಕ ಮಾರಿ ಆಗೂಹಂಗ ಮಾಡ್ರಿ.”

“ಅಷ್ಟೇ ಏನ್ರಿ ಅವ್ವಾರ?” ಎಂದು ಮಹಬೂಬಸಾಬ ಕೊಳವೆ ಬಿಗಿಯುವ ಪಾನಾ ಮತ್ತೆ ಹೊರಗೆ ತೆಗೆದ. “ಈಗ ಮಾಡಿ ಕೊಡ್ತೀನ್ರಿ. ಒಂದು ಕಾಲು ಸುತ್ತಿನ ಮಾತೈತಿ.”

ಎಲ್ಬೋಗೆ ಪಾನಾ ಹಾಕಿ ಎಡಕ್ಕೆ ಕಾಲು ಸುತ್ತು ತಿರುಗಿಸಿದ. ಜರಡಿಯ ಬಾಯಿ ಪಶ್ಚಿಮಕ್ಕೆ ಹೊರಳಿತು, ಎದುರು ನಿಂತ ಅಜ್ಜಿಯ ಮುಖ ಪೂರ್ವಕ್ಕೆ ಬಂತು. ಅಜ್ಜಿ ತಲೆ ಅಲ್ಲಾಡಿಸಿ ಒಪ್ಪಿದಳು. ತಾನು ಅದರ ಕೆಳಗೆ ಎಂದೂ ಮೀಯುವವಳಲ್ಲ, ನಳದ ಒಳಗೆ ಚರ್ಮದ ಬಿಲ್ಲೆ ಇರುತ್ತದಂತೆ, ಮೈಲಿಗೆ ಎಂದು ಆಗಲೇ ಸಾರಿಬಿಟ್ಟಿದ್ದಳು. ಆದರೂ ದಿಕ್ಕು ಸರಿ ಇರಬೇಕು. ಮಹಬೂಬಸಾಬ ಅದೇ ಸಂಜೆ ಬೇರೆ ಊರಿನ ಕೆಲಸಕ್ಕೆಂದು ಹೊರಟುಹೋದ.

ಮರುದಿನ ನಾವು ನಳ ತಿರುಗಿಸಿದೆವು. ಜರಡಿಯಿಂದ ನೀರು ಬಂತು, ಬರಲಿಲ್ಲವೆಂದಲ್ಲ. ಆದರೆ ಎಲ್ಬೋದ ಕೊರಳಿನಿಂದಲೂ ಬಂತು, ನಳದ ಕೆಳಗಿನ ಜೋಡಣೆಯಿಂದಲೂ ಬಂತು. ಕೊಳವೆಯ ಮೈಗುಂಟ ಇಳಿದು ಗೋಡೆಯ ಸುಣ್ಣವನ್ನು ಕರಗಿಸುತ್ತ ಹರಿಯಿತು. ಅಪ್ಪನ ಮುಖ ಸಣ್ಣದಾಯಿತು. ನನಗೆ ಮಾತ್ರ, ಈಗ ಹೇಳಲು ಸಂಕೋಚವಿಲ್ಲ, ಒಳಗೊಳಗೆ ಸಂತೋಷವಾಯಿತು. ಫಿಟ್ಟರ್ ಇಲ್ಲ. ಇನ್ನು ಇದನ್ನು ರಿಪೇರಿ ಮಾಡುವವರು ನಾವಿಬ್ಬರೇ. ಅಪ್ಪ ಪೇಟೆಯಿಂದ ಒಂದು ಪಾನಾ ತಂದರು. ಸಂಜೆ ನಾನು ಅದನ್ನು ಅವರ ಕೈಗೆ ಕೊಟ್ಟು ಪಕ್ಕಕ್ಕೆ ಕುಕ್ಕರಗಾಲಲ್ಲಿ ಕೂತೆ. ನಳದ ಕೆಳಗಿನ ಜೋಡಣೆ ಬಿಚ್ಚಿದರು. ತಿರುಪಿನ ಸುತ್ತುಗಳಲ್ಲಿ ನಾರಿನ ಚೂರುಗಳು ಅಂಟಿಕೊಂಡಿದ್ದವು. ಅಪ್ಪ ಅವನ್ನು ಕೆರೆದು ತೆಗೆದು, ಹೊಸ ಪುಂಡಿನಾರು ಸುತ್ತಿ ಮತ್ತೆ ಬಿಗಿದರು. ಸೋರಿತು. ನಾರನ್ನು ಇನ್ನಷ್ಟು ದಪ್ಪ ಸುತ್ತಿದರು. ಇನ್ನೂ ಜೋರಾಗಿ ಸೋರಿತು. ಎರಡು ಸಂಜೆ ಹೀಗೇ ಹೋದವು. ಆ ಎರಡು ಸಂಜೆ ನನ್ನವು.

ಮೂರನೆಯ ದಿನ ಅಪ್ಪ ಸಾಲೆಗೆ ಹೋಗಿದ್ದರು. ನಮ್ಮ ಹುಡುಗಿಯರ ಸಾಲೆಗೆ ಆ ವಾರ ರಜೆ, ನಾನು ಮನೆಯಲ್ಲಿದ್ದೆ. ವೈನಿ ಅಕ್ಕಿ ಆರಿಸುತ್ತ ಕೂತವಳು ಮೆಲ್ಲಗೆ ಕೇಳಿದಳು.

“ಇಂದೂ, ಮಾವನವರು ಒಣಾ ನಾರು ಸುತ್ಲಿಕ್ಕತ್ತಾರೇನು?”

“ಮತ್ತೇನು ಸುತ್ತಬೇಕು?”

“ಬರೇ ನಾರು ನೀರು ಹಿಡಿಯೂದಿಲ್ಲ. ಸಫೇದಾ ಅಂತ ಬಣ್ಣದ ಅಂಗಡ್ಯಾಗ ಸಿಗ್ತದ, ಬೆಳ್ಳಗ ಬೆಣ್ಣಿ ಇದ್ಧಂಗ. ಅದನ್ನ ಅಗಸಿ ಎಣ್ಣ್ಯಾಗ ಕಲಸಿ ನಾರಿಗೆ ಹಚ್ಚಬೇಕು. ನಮ್ಮಪ್ಪ ಮನ್ಯಾಗ ನಳಾ ರಿಪೇರಿ ಮಾಡೂವಾಗ ನಾರು ಸುತ್ತಿ ಕೊಡಾಕಿ ನಾನ ಇದ್ದೆ.”

ನಾರು ಸುತ್ತಿ ಕೊಡುವವಳು ತಾನೇ ಇದ್ದೆ ಎಂದಳು. ಆ ಮಾತು ನನಗೆ ಎಲ್ಲಿ ತಾಗಿತು ಎಂದು ಅವಳಿಗೆ ಹೇಗೆ ತಿಳಿಯಬೇಕು. ತನ್ನ ತಂದೆಯ ಪಕ್ಕದಲ್ಲಿ ಒಂದು ಜಾಗ ಅವಳಿಗೆ ಇತ್ತು. ಆ ಜಾಗವನ್ನು ಬಿಟ್ಟು ಬಂದವಳು ಈಗ ನನ್ನ ಜಾಗದ ಅಂಚಿಗೆ ಬಂದು ಕೂತಂತೆ ನನಗೆ ಅನಿಸಿತು. ಆದರೂ ಆ ಸಂಜೆ ಅಪ್ಪನಿಗೆ ಅವಳ ಮಾತನ್ನು ಇದ್ದ ಹಾಗೆ ಹೇಳಿದೆ. ಅದು ತಪ್ಪಿರುತ್ತದೆ, ಹುಬ್ಬಳ್ಳಿಯ ಜಾಣತನ ಸೋರಿ ಹೋಗುತ್ತದೆ ಎಂದು ನಂಬಿದ್ದೆ. ಅಪ್ಪ ಕೈಯಲ್ಲಿದ್ದ ಪಾನಾ ಕೆಳಗಿಟ್ಟು ನನ್ನನ್ನೇ ನೋಡಿದರು.

“ಅಗಸಿ ಎಣ್ಣಿ! ಅದು ಗಾಳಿಗೆ ಗಟ್ಟಿ ಆಗ್ತದಲ್ಲ, ಖರೇ ಅದ. ಎಂಟನೇ ಇಯತ್ತೆಗೆ ನಾನ ಕಲಿಸ್ತೀನಿ, ನನಗ ಹೊಳೀಲಿಲ್ಲ ನೋಡು. ಶಾಣ್ಯಾಕಿ ಇದ್ದಾಳ ನಿಮ್ಮ ವೈನಿ. ಕೇಳು, ನಾರು ಯಾವ ಕಡೆ ಸುತ್ತಬೇಕಂತ ಕೇಳ್ಕೊಂಡು ಬಾ.”

ಓಡಿದೆ. ತಿರುಗಿ ಬಂದೆ. ಬಿಗಿಯುವಾಗ ಯಾವ ಕಡೆ ತಿರುಗಿಸುತ್ತೇವೋ ಆ ಕಡೆಗೇ ಸುತ್ತಬೇಕಂತೆ, ತುದಿಯ ಮೊದಲ ಸುತ್ತನ್ನು ಬರಿದೇ ಬಿಡಬೇಕಂತೆ. ಮತ್ತೆ ಓಡಿದೆ. ದಪ್ಪ ಬೇಡವಂತೆ, ತಲೆಗೂದಲಿನಷ್ಟು ತೆಳ್ಳಗೆ ಎಳೆ ಬಿಡಿಸಬೇಕಂತೆ. ಅಪ್ಪನ ಕೈ ಚಾಚಿದಾಗ ಅದಕ್ಕೆ ಏನು ಬೇಕೆಂಬುದು ಈಗ ನನಗೆ ಗೊತ್ತಿರಲಿಲ್ಲ, ಜಗುಲಿಯ ಮೇಲೆ ನಿಂತವಳಿಗೆ ಗೊತ್ತಿತ್ತು. ಮರುದಿನ ಮಧ್ಯಾಹ್ನ ವೈನಿ ತಾನೇ ಬಚ್ಚಲಿಗೆ ಇಳಿದು, ಕಳಚಿ ಇಟ್ಟ ತುಂಡಿಗೆ ನಾರು ಸುತ್ತಿ, ಅಪ್ಪ ಪೇಟೆಯಿಂದ ತಂದ ಸಫೇದಾ ಸವರಿ ಇಟ್ಟಳು. ದೇವರ ಬತ್ತಿ ಹೊಸೆದಷ್ಟು ಒಪ್ಪವಾಗಿತ್ತು ಅದು. ಎಳೆಯ ಮೇಲೆ ಎಳೆ ಬಿದ್ದಿರಲಿಲ್ಲ, ನಡುವೆ ಕಬ್ಬಿಣ ಕಂಡಿರಲಿಲ್ಲ. ಅವಳು ಅಡಿಗೆಮನೆಗೆ ಹೋದ ಮೇಲೆ ನಾನು ಇನ್ನೊಂದು ತುಂಡಿಗೆ ನಾರು ಸುತ್ತಿ ನೋಡಿದೆ. ಗುಬ್ಬಿಯ ಗೂಡಿನಂತಾಯಿತು. ಯಾರೂ ನೋಡುವ ಮುಂಚೆ ಅದನ್ನು ಕಿತ್ತು ಹಂಡೆಯ ಒಲೆಗೆ ಹಾಕಿದೆ. ಸಂಜೆ ಅಪ್ಪ ಜೋಡಿಸಿ ಬಿಗಿದರು. ಒಂದು ಹನಿ ಸೋರಲಿಲ್ಲ. ಅವರು ಜೋಡಣೆಯ ಸುತ್ತ ಬೆರಳಾಡಿಸಿ, ಒಣ ಬೆರಳನ್ನು ನನಗೆ ತೋರಿಸಿ, ಜಗುಲಿಯ ಕಡೆಗೆ ಕೇಳುವಂತೆ ಗಟ್ಟಿಯಾಗಿ ನಕ್ಕರು. ಆ ನಗು ನನ್ನ ತಲೆಯ ಮೇಲಿನಿಂದ ದಾಟಿ ಹೋಯಿತು.

ಉಳಿದದ್ದು ಮೇಲಿನ ಎಲ್ಬೋ. ಅಪ್ಪ ಉತ್ಸಾಹದಲ್ಲಿ ರವಿವಾರ ಬೆಳಿಗ್ಗೆ ಸಾಲೆಯ ಇಬ್ಬರು ಮಾಸ್ತರರನ್ನು ಅವಲಕ್ಕಿಗೆ, ಶಾವರ್ ನೋಡಲಿಕ್ಕೆ ಕರೆದರು. ಆದರೆ ಶುಕ್ರವಾರ ಬೆಳಿಗ್ಗೆ ಎದ್ದಾಗ ವೈನಿ ಜಗುಲಿಯ ಕೊನೆಯ ಕೋಣೆಯಲ್ಲಿ ಕೂತಿದ್ದಳು. ಇನ್ನು ಮೂರು ದಿನ ಅವಳು ಏನನ್ನೂ ಮುಟ್ಟುವಂತಿಲ್ಲ. ಅಡಿಗೆ ಮತ್ತೆ ಅಜ್ಜಿಯ ಕೈಗೆ ಬಂತು, ಹಂಡೆಯ ಬೆಂಕಿ ನನ್ನ ಕೈಗೆ. ಆ ಮೂರು ದಿನಗಳನ್ನು ನಾನು ಹಬ್ಬದಂತೆ ಎದುರುಗೊಂಡೆ. ಮಧ್ಯಾಹ್ನ ಅವಳಿಗೆ ದೂರದಿಂದ ಎಲೆ ಸರಿಸಿ, ಮೇಲಿನಿಂದ ಅನ್ನ ಹಾಕುತ್ತಿದ್ದಾಗ ಅವಳು ಹೇಳಿದಳು:

“ಇಂದೂ, ಎಲ್ಬೋಗೆ ನಿನ್ನೇನ ನಾರು ಸುತ್ತಿ ಇಟ್ಟೀನಿ. ಮಾವನವರಿಗೆ ಒಂದು ಮಾತು ಹೇಳ್ತೀಯೇನು? ಮರೀಬ್ಯಾಡ. ಜರಡಿ ಪಶ್ಚಿಮದ ಕಡೆ ಬಂದ ಕೂಡಲೇ ನಿಲ್ಲಸ್ರಿ ಅನ್ನು. ದಾಟಿ ಮುಂದ ಹೋತಂದ್ರ ಹಿಂದಕ್ಕ ಮಾತ್ರ ತಿರುವಬ್ಯಾಡ್ರಿ. ಹಿಂದಕ್ಕ ತಿರುವಿದ್ರ ನಾರು ಸಡ್ಲಾಗಿ ಸೋರ್ತದ. ಪೂರಾ ಬಿಚ್ಚಿ, ಬ್ಯಾರೆ ನಾರು ಸುತ್ತಿ, ಮೊದ್ಲಿಂದ ಬಿಗೀಬೇಕು.”

ಹೇಳುತ್ತೇನೆಂದೆ.

ಹೇಳಲಿಲ್ಲ. ಮರೆತೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ. ಶನಿವಾರ ಸಾಲೆ ಬಿಟ್ಟು ಬಂದು ಅಪ್ಪ ಪಂಚೆ ಎತ್ತಿ ಕಟ್ಟಿ, ಮಣೆಯ ಮೇಲೆ ಹತ್ತಿ ನಿಂತು ಎಲ್ಬೋ ಬಿಗಿಯತೊಡಗಿದಾಗ ಆ ಮಾತು ಅಕ್ಷರ ಅಕ್ಷರ ನನ್ನ ನಾಲಗೆಯ ಮೇಲೆಯೇ ಇತ್ತು. ಅವರು ಕೇಳಿದ್ದೂ ಉಂಟು.

“ನಿಮ್ಮ ವೈನಿ ಏನರೆ ಹೇಳಿದ್ಲೇನು, ಇದರ ಬಗ್ಗೆ?”

“ಇಲ್ಲ” ಎಂದೆ.

ಜರಡಿ ಒಂದು ಸುತ್ತು ಬಂತು, ಎರಡು ಸುತ್ತು ಬಂತು, ಪಶ್ಚಿಮಕ್ಕೆ ಬಂತು. ಅಪ್ಪ ಇನ್ನೂ ಬಿಗಿಯಾಗಲೆಂದು ಬಲ ಹಾಕಿದರು. ಅದು ಉತ್ತರಕ್ಕೆ ಹೋಗಿ ನಿಂತಿತು. ಅಡಿಗೆಮನೆಯಿಂದ ಅಜ್ಜಿ, “ದಿಕ್ಕು ನೋಡ್ಕೊಳೋ, ದಕ್ಷಿಣ ಆದೀತು!” ಎಂದು ಕೂಗಿದಳು. ಅಪ್ಪ ಅದನ್ನು ಮೆಲ್ಲಗೆ, ಬಹಳ ಜೋಪಾನವಾಗಿ, ಕಾಲು ಸುತ್ತು ಹಿಂದಕ್ಕೆ ತಿರುಗಿಸಿದರು. ನಾನು ಮಣೆ ಅಲುಗಾಡದಂತೆ ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಸಫೇದಾ ಆರಲಿ ಎಂದು ಆ ಸಂಜೆ ನೀರು ಬಿಡಲಿಲ್ಲ. ಜಗುಲಿ ದಾಟುವಾಗ ವೈನಿ ಕೋಣೆಯಿಂದಲೇ ಕೇಳಿದಳು, “ಹೇಳಿದ್ಯೇನವಾ?” ಹೇಳಿದೆನೆಂದೆ. ಒಂದೇ ಸಂಜೆ ಒಂದೇ ಮಾತಿಗೆ ಎರಡು ಸುಳ್ಳು, ಎರಡೂ ಸಲೀಸಾಗಿ ಬಂದವು.

ರವಿವಾರ ಬೆಳಿಗ್ಗೆ ಗಣಿತದ ಮಾಸ್ತರರು, ಡ್ರಾಯಿಂಗ್ ಮಾಸ್ತರರು ಬಂದರು. ಅವಲಕ್ಕಿ ತಿಂದು ಚಹಾ ಕುಡಿದು, ಕೋಟು ಹಾಕಿಕೊಂಡೇ ಬಚ್ಚಲಿಗೆ ಇಳಿದರು. ಅಪ್ಪ ಟಾಕಿಯ ಎತ್ತರ, ನೀರಿನ ಜೋರು ಎಲ್ಲ ವಿವರಿಸಿ, ತರಗತಿಯಲ್ಲಿ ಪ್ರಯೋಗ ತೋರಿಸುವವರ ಗತ್ತಿನಲ್ಲಿ ನಳ ತಿರುಗಿಸಿದರು. ಜರಡಿಯಲ್ಲಿ ನೀರು ಬಂತು. ಒಂದು ಕ್ಷಣ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಎಲ್ಬೋದ ಕೊರಳಲ್ಲಿ ಬಿಳಿಯ ಗುಳ್ಳೆಯೊಂದು ಎದ್ದು ಒಡೆಯಿತು. ಸಫೇದಾ ಬೆರೆತ ಹಾಲಿನಂಥ ನೀರು ಕೊಳವೆಯ ಮೈಗುಂಟ ಇಳಿದು ಗೋಡೆಗೆ ಹರಡಿತು. ಗಣಿತದ ಮಾಸ್ತರರು ಹಿಂದೆ ಸರಿದರು. ಡ್ರಾಯಿಂಗ್ ಮಾಸ್ತರರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು:

“ಮಾಸ್ತರ್ರ, ನಿಮ್ಮ ಶಾವರ್ ಭಾಳ ಪುಣ್ಯವಂತ ಅದ ಬಿಡ್ರಿ. ಮನಿಷಾಗಿಂತಾ ಮೊದ್ಲ ಗ್ವಾಡಿಗೆ ಸ್ನಾನ ಮಾಡಸ್ತದ.”

ಇಬ್ಬರೂ ನಕ್ಕರು. ಅಪ್ಪನೂ ನಕ್ಕರು. ಅವರನ್ನು ಬಾಗಿಲವರೆಗೆ ಕಳಿಸಿ ತಿರುಗಿ ಬಂದಾಗ ಆ ನಗು ಇರಲಿಲ್ಲ. ಅಜ್ಜಿ ಜಗುಲಿಯ ಮೇಲೆ ಕಾಯುತ್ತ ನಿಂತಿದ್ದಳು.

“ಆಗದೇ ಏನಾದೀತು? ಹೊರಗ ಕೂಡಾಕಿ ಕೈಯಿಂದ ಸುತ್ತಿಸಿದ್ದು ನೀರು ಹಿಡೀತದೇನು? ಆಕಿ ನಿನ್ನೆ ಕೂತ್ಲೋ ಮೊನ್ನೆ ಕೂತ್ಲೋ, ಮೈಲಿಗಿ ಮೈಲಿಗೀನ.”

ಅಪ್ಪ ಇಂಥ ಮಾತುಗಳನ್ನು ಒಪ್ಪುವವರಲ್ಲ. ಬೇರೆ ದಿನವಾಗಿದ್ದರೆ ಅಜ್ಜಿಗೆ ಎದುರು ಹೇಳುತ್ತಿದ್ದರು. ಅಂದು ಹೇಳಲಿಲ್ಲ. ಒದ್ದೆ ಕೈಯನ್ನು ಪಂಚೆಗೆ ಒರೆಸುತ್ತ, ಯಾರನ್ನೂ ನೋಡದೆ, ಜಗುಲಿಯ ಆ ತುದಿಗೆ ಕೇಳುವಷ್ಟು ಗಟ್ಟಿಯಾಗಿ ಅಂದರು:

“ನನಗ ಬುದ್ಧಿ ಇಲ್ಲ. ಹುಬ್ಬಳ್ಳಿ ಮಂದಿ ಮಾತು ಕೇಳಿ ನಾಕು ಮಂದ್ಯಾಗ ನಗಿಗೀಡಾದೆ. ಇಂದೂ, ಪಾನಾ ಕೊಡು. ಕಿತ್ತು ಒಗೀತೀನಿ ಇದನ್ನ.”

ಬೇಕಾದದ್ದು ಸಿಕ್ಕಿತು. ಅವರ ಕೈ ಮತ್ತೆ ನನ್ನ ಕಡೆಗೆ ಚಾಚಿತ್ತು. ಪಾನಾ ನನ್ನ ಕಾಲ ಬಳಿಯೇ ಬಿದ್ದಿತ್ತು. ಬಗ್ಗಿ ಎತ್ತಿದೆ. ಆ ಕಬ್ಬಿಣ ಇಷ್ಟು ಭಾರವಿದೆಯೆಂದು ಹಿಂದೆ ತಿಳಿದಿರಲಿಲ್ಲ. ಅದನ್ನು ಅವರ ಕೈಗೆ ಇಡುವಷ್ಟರಲ್ಲಿ ಆ ಕೋಣೆಯ ಬಾಗಿಲಲ್ಲಿ ವೈನಿ ಎದ್ದು ನಿಂತಳು. ಸೆರಗು ತಲೆಯ ಮೇಲಿತ್ತು.

“ಮಾವನವರ, ಒಂದು ಮಾತು ಕೇಳ್ಲೇನ್ರಿ?”

ನಮ್ಮ ಮನೆಯಲ್ಲಿ ಅಂಥದ್ದು ನಡೆದದ್ದು ಅದೇ ಮೊದಲು. ಅಪ್ಪ ಪೆಚ್ಚಾಗಿ ಅಂಗಳದ ಕಡೆ ಮುಖ ತಿರುಗಿಸಿಕೊಂಡು, “ಕೇಳವಾ” ಎಂದರು.

“ಎಲ್ಬೋ ಬಿಗಿ ಆದ ಮ್ಯಾಲೆ ದಿಕ್ಕಿಗೆ ಹೊಂದಸ್ಲಿಕ್ಕೆ ಹಿಂದಕ್ಕ ತಿರುವಿದ್ರೇನ್ರಿ?”

“ತಿರುವಿದೆ. ಕಾಲು ಸುತ್ತು. ಯಾಕ?”

ವೈನಿ ನನ್ನನ್ನು ನೋಡಿದಳು. ಬಹಳ ಹೊತ್ತಲ್ಲ, ಒಂದು ಉಸಿರಿನಷ್ಟು. ಆ ನೋಟದಲ್ಲಿ ಸಿಟ್ಟಿತ್ತು. ಕ್ಷಮೆ ಇತ್ತೆಂದು ಈಗ ಸಿಂಗರಿಸಿ ಹೇಳಲಾರೆ. ನಾನು ಪಾನಾವನ್ನು ಎದೆಗೆ ಅವಚಿಕೊಂಡು ನಿಂತಿದ್ದೆ. ಇನ್ನೇನು ಹೇಳುತ್ತಾಳೆ, ಅಪ್ಪ ನನ್ನ ಕಡೆ ತಿರುಗುತ್ತಾರೆ, ಇನ್ನು ಎಂದೂ ಆ ಕೈ ನನ್ನ ಮುಂದೆ ಚಾಚುವುದಿಲ್ಲ ಎಂದುಕೊಂಡೆ.

“ಹಿಂದಕ್ಕ ತಿರುವಬಾರದ್ರಿ. ನಾರು ಸಡ್ಲಾಗ್ತದ. ಫಿಟ್ಟರ್ ಸೈತ ಹಂಗ ಮಾಡಿರಬೇಕು, ಅದಕ್ಕ ಮೊದ್ಲೂ ಸೋರಿದ್ದು. ನಿಮಗ ಹೇಳಿ ಕಳಸಬೇಕಾಗಿತ್ತು. ನನ್ನ ಕಡೆಯಿಂದ ತಪ್ಪಾತು.”

ಅಪ್ಪ ಮೆಲ್ಲಗೆ ತಿರುಗಿದರು. ಸಿಟ್ಟು ಇಳಿದು, ಅವರ ಮುಖದಲ್ಲಿ ಹೊಸ ಲೆಕ್ಕವೊಂದು ಸಿಕ್ಕಾಗಿನ ಕುತೂಹಲ ಏರುತ್ತಿತ್ತು. ನನಗೆ ಆ ಮುಖ ಚೆನ್ನಾಗಿ ಗೊತ್ತು. ಎರಡು ವರ್ಷ ಉತ್ತರಪತ್ರಿಕೆಗಳ ಹಿಂಬದಿಯ ಮೇಲೆ ಬಗ್ಗಿದ್ದು ಅದೇ ಮುಖ.

“ಹಂಗಾದ್ರ ಅವ್ವಗ ಬೇಕಾದ ದಿಕ್ಕಿಗೆ ಹೆಂಗ ನಿಲ್ಲಸೂದು?”

“ನಾರು ಕಮ್ಮಿ ಹೆಚ್ಚು ಮಾಡ್ಬೇಕ್ರಿ. ಎಷ್ಟು ಸುತ್ತಿದ್ರ ಎಲ್ಲಿ ಬಂದು ಬಿಗಿ ಆಗ್ತದ ಅಂತ ಎರಡು ಮೂರು ಸಲ ನೋಡಿದ್ರ ಗೊತ್ತಾಗ್ತದ. ನಮ್ಮಪ್ಪ ಸೀಮೀಸುಣ್ಣದಿಂದ ಗುರ್ತು ಮಾಡ್ತಿದ್ರು.”

“ಸೀಮೀಸುಣ್ಣ!” ಎಂದು ಅಪ್ಪ ತಮ್ಮ ಕೋಟಿನ ಕಿಸೆಗೆ ಕೈ ಹಾಕಿದರು. ಅಲ್ಲಿ ಯಾವಾಗಲೂ ಅದರ ಒಂದು ತುಂಡು ಇರುತ್ತಿತ್ತು. “ತಡಿ, ತಡಿ. ಎಲ್ಲಿಂದ ಎಲ್ಲಿಗೆ ಗುರ್ತು? ನೇರವಾಗೇ ಹೇಳು, ನಡುವ ಮಾತು ಕೆಡತಾವ.”

ಕೊನೆಯ ಮಾತನ್ನು ಅವರು ನನ್ನನ್ನು ಉದ್ದೇಶಿಸಿ ಆಡಲಿಲ್ಲ. ಅವರಿಗೆ ಏನೂ ತಿಳಿದಿರಲಿಲ್ಲ. ವೈನಿ ಎಂದೂ ಹೇಳಲಿಲ್ಲ. ಅದಕ್ಕಾಗಿ ನನ್ನಲ್ಲಿ ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಜಗುಲಿಯ ಆ ತುದಿಯಿಂದ ಅವಳು, ಮೆಟ್ಟಿಲ ಮೇಲಿನಿಂದ ಅಪ್ಪ, ಇಬ್ಬರೂ ಮಾತಾಡುತ್ತ ಹೋದರು. ಮೂರು ಮಾರು ದೂರದ ಆ ಮಾತು ನನ್ನನ್ನು ಸುತ್ತಿಕೊಂಡು ಹೋಗುವ ಅಗತ್ಯ ಇನ್ನು ಇರಲಿಲ್ಲ. ಒಂದೇ ಒಂದು ಮಾತು ತಡೆದು ನನ್ನ ಜಾಗ ಉಳಿಸಿಕೊಳ್ಳಲು ಹೋದೆ. ಆ ತಡೆಯನ್ನು ದಾಟಲೆಂದೇ ಅವಳು ಎದ್ದು ನಿಂತಳು, ಎದ್ದ ಮೇಲೆ ಮತ್ತೆ ಬಾಗಿಲ ಹಿಂದಕ್ಕೆ ಹೋಗಲಿಲ್ಲ. ಅಜ್ಜಿ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಮೂರನೆಯ ದಿನ ಉಪ್ಪಿನಕಾಯಿಯ ಭರಣಿ ಎಲ್ಲಿದೆಯೆಂದು ಸೊಸೆಯನ್ನೇ ಕೇಳಿದಳು.

ಸೋಮವಾರ ಬೆಳಿಗ್ಗೆ ವೈನಿ ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಿಗೆ ವಸ್ತ್ರ ಸುತ್ತಿಕೊಂಡು ಬಚ್ಚಲಿಗೆ ಬಂದಳು. ಅಪ್ಪ ಸಾಲೆಗೆ ಹೋಗುವ ಮುಂಚೆ ಮುಗಿಸೋಣ ಎಂದು ಕಾದಿದ್ದರು. ನಾನೂ ಇದ್ದೆ. ಅವಳು ಹಳೆಯ ನಾರನ್ನು ಪೂರ್ತಿ ಕಿತ್ತು ತಿರುಪಿನ ಸುತ್ತುಗಳನ್ನು ಸ್ವಚ್ಛ ಮಾಡಿದಳು. ನಾರಿನ ಎಳೆ ಬಿಡಿಸಿ ಸುತ್ತಿದಳು. ಅಪ್ಪ ಬಿಗಿದರು. ಜರಡಿ ದಾಟಿ ಹೋಯಿತು. ಬಿಚ್ಚಿದರು, ಅವಳು ಇನ್ನೆರಡು ಎಳೆ ಹೆಚ್ಚಿಗೆ ಸುತ್ತಿದಳು. ಈ ಸಲ ಪಶ್ಚಿಮ ಮುಟ್ಟುವ ಮೊದಲೇ ನಿಂತಿತು. ಒಂದು ಎಳೆ ತೆಗೆದಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವರು ಕೈ ಚಾಚುತ್ತಿದ್ದರು, ಅವಳು ಕೊಡುತ್ತಿದ್ದಳು. ನಾನು ಎಲ್ಲಿ ನಿಂತರೂ ಅವರಿಬ್ಬರಲ್ಲಿ ಒಬ್ಬರ ಮೊಣಕೈಗೆ ತಾಗುತ್ತಿದ್ದೆ. ಕೊನೆಗೆ ಗೋಡೆಯ ಕಿಂಡಿಯ ಹತ್ತಿರ ಹೋಗಿ ನಿಂತುಕೊಂಡೆ. ನಾಲ್ಕನೆಯ ಸಲ ಸೀಮೆಸುಣ್ಣದ ಗೆರೆಗೆ ಗೆರೆ ಕೂಡುತ್ತ ಬಂತು. ಅಪ್ಪ ಬಹಳ ಮೆಲ್ಲಗೆ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಮುಂದಕ್ಕೆ ತಿರುಗಿಸುತ್ತಿದ್ದರು.

“ಬಂತೇನು, ಸುಮತಿ?”

ಹೆಸರು ಹಿಡಿದು ಕರೆದದ್ದು ಅದೇ ಮೊದಲು.

“ಇನ್ನೊಂದು ಸ್ವಲ್ಪರಿ. ಸ್ವಲ್ಪ ಸ್ವಲ್ಪ. ಗೆರಿ ಕಾಣವಲ್ದು.”

ಅಪ್ಪ ತಿರುಗಿ ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ಬೇಸರವಿರಲಿಲ್ಲ, ಸಿಟ್ಟಿರಲಿಲ್ಲ. ಕೆಲಸದ ನಡುವೆ ಒಂದು ಮಣೆಯನ್ನೋ ತಂಬಿಗೆಯನ್ನೋ ನೋಡುವಂತೆ ನೋಡಿದರು.

“ಆ ಕಡೆ ಸರಿಯವಾ ಇಂದೂ. ಬೆಳಕಿಗೆ ಅಡ್ಡ ನಿಂತೀದಿ.”

ಸರಿದೆ.